ಮನೆ ಗುಂಪಿನಲ್ಲಿ ‘ಫ್ರೊಟಾಜ್’ ಜಗಳ

ಹಾಸನದ ಭಾವ: (ಫಾರ್ವರ್ಡ್) ಎಚ್ಚರ! ಡ್ರಾಯಿಂಗ್ ಕ್ಲಾಸಿನಲ್ಲಿ ಮಕ್ಕಳಿಗೆ ‘ಫ್ರೊಟಾಜ್’ ಕಲಿಸುತ್ತಿದ್ದಾರೆ. ಅರ್ಥ ಹುಡುಕಿದರೆ ನಾಚಿಕೆಯಾಗುತ್ತದೆ. ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ಕಾಲ ಕೆಟ್ಟಿದೆ. ನಮಗೆ ಡ್ರಾಯಿಂಗ್ ಅಂದರೆ ಮಾವಿನಹಣ್ಣು, ಮನೆ, ಗುಡ್ಡದ ಹಿಂದೆ ಸೂರ್ಯ.

ತಮ್ಮ: ಯಾವ ಶಾಲೆ? ಯಾರು ಬರೆದದ್ದು? ಭಾವ, ಉಪ್ಪು ಸಿಗೋದಿಲ್ಲ ಅಂತ ಕಳಿಸಿದವರೂ ನೀವೇ. ಅಮ್ಮ ಆರು ಪ್ಯಾಕೆಟ್ ತಂದಿಟ್ಟಿದ್ದರು.

ಹಾಸನದ ಭಾವ: ಬಂದದ್ದನ್ನು ಕಳಿಸಿದೆ. ಈಗ ಉಪ್ಪಿನ ಮಾತು ಯಾಕೆ?

ನಾನು: ಭಾವ, ಅದನ್ನು ನಾನೂ ಕಲಿಸುತ್ತೇನೆ. ಫ್ರೆಂಚಿನಲ್ಲಿ ಆ ಪದಕ್ಕೆ ‘ಉಜ್ಜುವುದು’ ಅಂತಲೇ ಅರ್ಥ. 1925ರ ಆಗಸ್ಟ್. ಜರ್ಮನ್ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ ಫ್ರಾನ್ಸಿನ ಕಡಲ ತೀರದ ವಸತಿಗೃಹದಲ್ಲಿದ್ದ. ಹೊರಗೆ ಮಳೆ. ಹಲಗೆಯ ನೆಲವನ್ನು ತೊಳೆದು ತೊಳೆದು ಮರದ ಗೀರುಗಳು ಆಳವಾಗಿದ್ದವು. ಅದರ ಮೇಲೆ ಕಾಗದ ಹಾಸಿ ಪೆನ್ಸಿಲ್ ಸೀಸದಿಂದ ಉಜ್ಜಿದ. ಕಾಡು, ಹಕ್ಕಿ, ಕಣ್ಣು ಕಾಣಿಸಿದವು. 1926ರಲ್ಲಿ ಅಂಥ 34 ಚಿತ್ರಗಳು ಅಚ್ಚಾದವು.

ಮೈಸೂರು ಅತ್ತೆ: ಅಯ್ಯೋ, ನಾವು ನಾಲ್ಕಾಣೆ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಅದೇನಾ? ಅಣ್ಣ, ನನ್ನ ನಾಲ್ಕಾಣೆ ವಾಪಸ್ ಕೊಡಲೇ ಇಲ್ಲ ನೀನು.

ದೊಡ್ಡಪ್ಪ: ಅದು ಅಪ್ಪ ನನಗೆ ಕೊಟ್ಟಿದ್ದು. ಶಾಸನದ ಪ್ರತಿ ತೆಗೆಯುವುದೂ ಹೀಗೇ ಅಲ್ವಾ?

ತಮ್ಮ: ಅಲ್ಲ ದೊಡ್ಡಪ್ಪ. ಅದರಲ್ಲಿ ಒದ್ದೆ ಕಾಗದವನ್ನು ಕಲ್ಲಿಗೆ ಬ್ರಷ್ಷಿನಿಂದ ಬಡಿದು ಕೂರಿಸಿ, ಮೇಲೆ ಮಸಿ ಒತ್ತುತ್ತಾರೆ. ಅಕ್ಷರ ಬಿಳಿಯಾಗಿ ಉಳಿಯುತ್ತದೆ.

ಹಾಸನದ ಭಾವ: ಇನ್ನೊಂದು ಅರ್ಥವೂ ಇದೆಯಲ್ಲ? ಅದನ್ನು ಹೇಳಲಿ.

ನಾನು: ಇದೆ. ಇಬ್ಬರು ವಯಸ್ಕರು ಒಪ್ಪಿ ಮೈಗೆ ಮೈ ಉಜ್ಜಿದರೂ ಅದೇ ಹೆಸರು. ಅದು ಅವರಿಬ್ಬರ ವಿಷಯ. ಬಸ್ಸಿನ ರಶ್ಶಿನಲ್ಲಿ ಒಪ್ಪಿಗೆ ಇಲ್ಲದೆ ಬೇಕಂತಲೇ ಉಜ್ಜುವವನಿಗೂ ಅದೇ ಪದದಿಂದ ಹೆಸರು ಬಂದಿದೆ. ಅದು ಅಪರಾಧ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಹಾಗಾದಾಗ ಇಲ್ಲೇ ಬರೆದಿದ್ದೆ. ದೊಡ್ಡಪ್ಪ, ‘ರಶ್ಶಿನಲ್ಲಿ ತಾಗುತ್ತೆ, ಮುಂದಿನ ಬಸ್ ಹಿಡಿ’ ಅಂದಿರಿ. ಭಾವ, ಅದರ ಕೆಳಗೇ ಗುಡ್ ಮಾರ್ನಿಂಗ್ ಹೂವು ಹಾಕಿದಿರಿ. ಇವತ್ತು ಒಂದು ಪದಕ್ಕೆ ಬಂದ ಕೋಪ ಅವತ್ತು ಯಾಕೆ ಬರಲಿಲ್ಲ?

ದೊಡ್ಡಪ್ಪ: ಹಳೆಯದನ್ನೆಲ್ಲ ಕೆದಕಬಾರದು ಮಗಳೇ.

ಚಿಕ್ಕಮ್ಮ: ಕೆದಕಲಿ ಬಿಡಿ. ನಾನೂ ಆಫೀಸಿಗೆ ಹೋಗುವಾಗ ಕೈಯಲ್ಲಿ ಸೇಫ್ಟಿ ಪಿನ್ ಹಿಡಿದೇ ಬಸ್ ಹತ್ತುತ್ತಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಹಾಸನದ ಭಾವ: ಈ ಸಂದೇಶ ಅಳಿಸಲಾಗಿದೆ

ಮೈಸೂರು ಅತ್ತೆ: ಆ ಪಿನ್ನು ಕೊಟ್ಟವಳು ನಾನೇ ಅಲ್ವಾ? ಯಾಕೆ ಅಂತ ಕೇಳಲಿಲ್ಲ. ನನ್ನ ಪರ್ಸಿನಲ್ಲೂ ಒಂದು ಇರುತ್ತಿತ್ತು.