ಒಂದೇ ಮೂವತ್ತು ಸಾವಿರ, ಬೇರೆ ಬೇರೆ ವಂತಿಗೆ: ಬ್ರಿಟನ್ನಿನ ನ್ಯಾಷನಲ್ ಇನ್ಶೂರೆನ್ಸ್

ಪ್ರಶ್ನೆ: ಬ್ರಿಟನ್ನಿನಲ್ಲಿ ನಾನು ಕಂಪನಿಯೊಂದರ ನೌಕರಳು, ನಮ್ಮ ಯಜಮಾನರು ಸ್ವಂತವಾಗಿ ಟ್ಯಾಕ್ಸಿ ಓಡಿಸುತ್ತಾರೆ. 2025-26ರಲ್ಲಿ ನನ್ನ ಸಂಬಳ 30,000 ಪೌಂಡ್. ಖರ್ಚು ಕಳೆದು ಅವರ ಲಾಭವೂ ಅಷ್ಟೇ. ಆದರೂ ನ್ಯಾಷನಲ್ ಇನ್ಶೂರೆನ್ಸಿಗೆ (ಪಿಂಚಣಿ ಮುಂತಾದ ಸರ್ಕಾರಿ ಸೌಲಭ್ಯಗಳಿಗಾಗಿ ಗಳಿಕೆಯಿಂದ ಕಟ್ಟುವ ಹಣಕ್ಕೆ) ನನ್ನ ವಂತಿಗೆಯೇ ಹೆಚ್ಚೇಕೆ? ‘ನೀವೂ ಸ್ವಂತ ಉದ್ಯೋಗಿಯಾಗಿ ಬಿಲ್ ಕೊಡಿ, ನಿಮಗೇ ಉಳಿತಾಯ’ ಎಂದು ಕಂಪನಿಯವರು ಹೇಳುತ್ತಿದ್ದಾರೆ. ಒಪ್ಪಬಹುದೇ ಸರ್?

ಉತ್ತರ: ಮೇಡಂ, ಮೊದಲ 12,570 ಪೌಂಡಿಗೆ ಇಬ್ಬರಿಗೂ ವಂತಿಗೆಯಿಲ್ಲ. ಅಲ್ಲಿಂದ 50,270ರವರೆಗೆ ನೌಕರರಿಗೆ ಶೇ. 8, ಸ್ವಂತ ಉದ್ಯೋಗಿಗಳಿಗೆ ಶೇ. 6, ಅದರಾಚೆ ಇಬ್ಬರಿಗೂ ಶೇ. 2. ಹೀಗಾಗಿ ವರ್ಷಕ್ಕೆ ನಿಮಗೆ ಸುಮಾರು 1,394 ಪೌಂಡ್, ಅವರಿಗೆ 1,046 ಪೌಂಡ್ ಬರುತ್ತದೆ. ನೌಕರರ ದರ 2024ರ ಜನವರಿಯಲ್ಲಿ ಶೇ. 12ರಿಂದ 10ಕ್ಕೂ ಏಪ್ರಿಲ್‌ನಲ್ಲಿ 8ಕ್ಕೂ ಇಳಿದದ್ದರಿಂದ ಈ ಅಂತರ ಈಗ ಕಿರಿದಾಗಿದೆ.

ಆದರೆ ಕಂಪನಿಯವರ ಆಸಕ್ತಿಯ ಮೂಲ ನಿಮಗೆ ಉಳಿಯುವ ಆ 348 ಪೌಂಡ್ ಅಲ್ಲ. ನಿಮ್ಮ ಸಂಬಳದ ಮೇಲೆ ಅವರೂ ಪ್ರತ್ಯೇಕವಾಗಿ ವಂತಿಗೆ ಕಟ್ಟಬೇಕು. 2025ರ ಏಪ್ರಿಲ್‌ನಿಂದ ಅದರ ದರ ಶೇ. 13.8ರಿಂದ 15ಕ್ಕೆ ಏರಿದೆ, ವಂತಿಗೆ ಆರಂಭವಾಗುವ ಮಿತಿ 9,100ರಿಂದ 5,000 ಪೌಂಡಿಗೆ ಇಳಿದಿದೆ. ಆ ಲೆಕ್ಕದಲ್ಲಿ ನಿಮ್ಮೊಬ್ಬರಿಗಾಗಿಯೇ ಅವರ ಪಾಲು 3,750 ಪೌಂಡ್. (ನಮ್ಮೂರ ಪಿ.ಎಫ್.ನಂತೆ ಮಾಲೀಕರ ಪಾಲು ನಿಮ್ಮ ಹೆಸರಿನ ಖಾತೆಯಲ್ಲಿ ಬೆಳೆಯುವುದಿಲ್ಲವಾದ್ದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.) ಉಳಿತಾಯ ಯಾರದೆಂದು ನೀವೇ ನೋಡಿ.

ಅಲ್ಲದೆ, ನೌಕರರೋ ಸ್ವಂತ ಉದ್ಯೋಗಿಯೋ ಎಂಬುದು ಕಾಗದದ ಮೇಲೆ ಬರೆದುಕೊಳ್ಳುವ ಹೆಸರಿನಿಂದ ತೀರ್ಮಾನವಾಗುವುದಿಲ್ಲ. ಕೆಲಸದ ವೇಳೆ ಮತ್ತು ವಿಧಾನವನ್ನು ಯಾರು ನಿರ್ಧರಿಸುತ್ತಾರೆ, ನಿಮ್ಮ ಬದಲು ಬೇರೊಬ್ಬರನ್ನು ಕಳುಹಿಸಬಹುದೇ, ನಷ್ಟವಾದರೆ ಅದು ಯಾರ ತಲೆಗೆ ಬರುತ್ತದೆ ಎಂಬುದನ್ನೆಲ್ಲ ತೆರಿಗೆ ಇಲಾಖೆ ಪರಿಶೀಲಿಸುತ್ತದೆ. ಅದೇ ಮೇಜಿನಲ್ಲಿ ಅದೇ ಮೇಲಧಿಕಾರಿಯ ಕೆಳಗೆ ಕುಳಿತು ಬಿಲ್ ಮಾತ್ರ ಕೊಡುವುದಾದರೆ, ಸಂಬಳ ಸಹಿತ ರಜೆಯಂಥ ಹಕ್ಕುಗಳಿಗಾಗಿ ಮುಂದೆ ನೀವೇ ಜಗಳವಾಡಬೇಕಾದೀತು. ಒಪ್ಪಬೇಡಿ ಎಂಬುದೇ ನನ್ನ ಸಲಹೆ.

ಮತ್ತೊಬ್ಬರ ಪ್ರಶ್ನೆ: ನಾನು ಮನೆಯಲ್ಲೇ ಸಂಗೀತ ಪಾಠ ಹೇಳಿಕೊಡುತ್ತೇನೆ. 2025-26ರಲ್ಲಿ ಲಾಭ 5,000 ಪೌಂಡ್, ಬೇರೆ ಕೆಲಸವಿಲ್ಲ. ನಾನೂ ಕಟ್ಟಬೇಕೇ?

ಉತ್ತರ: ಕಡ್ಡಾಯವೇನಿಲ್ಲ. ಆದರೆ ಸರ್ಕಾರಿ ಪಿಂಚಣಿ ಸಿಗಲು ಕನಿಷ್ಠ 10 ವರ್ಷಗಳ, ಪೂರ್ತಿ ಸಿಗಲು ಸಾಮಾನ್ಯವಾಗಿ 35 ವರ್ಷಗಳ ವಂತಿಗೆ ದಾಖಲೆ ಬೇಕು. ಲಾಭ 6,845 ಪೌಂಡ್ ಮುಟ್ಟಿದ್ದರೆ ಏನೂ ಕಟ್ಟದೆಯೇ ಆ ವರ್ಷ ದಾಖಲೆಗೆ ಸೇರುತ್ತಿತ್ತು. ನೀವು ಅದಕ್ಕಿಂತ ಕೆಳಗಿರುವುದರಿಂದ ಸ್ವಂತ ಉದ್ಯೋಗಿಯಾಗಿ ನೋಂದಾಯಿಸಿಕೊಂಡು 2025-26ಕ್ಕೆ ವಾರಕ್ಕೆ 3.50 ಪೌಂಡಿನಂತೆ ಸ್ವಇಚ್ಛೆಯಿಂದ ಕಟ್ಟಬಹುದು. ಉದ್ಯೋಗವೇ ಇಲ್ಲದವರು ಇದೇ ಪ್ರಯೋಜನಕ್ಕೆ ಆ ವರ್ಷ ವಾರಕ್ಕೆ 17.75 ಪೌಂಡ್ ತೆರಬೇಕಿತ್ತು. ಆದರೆ 12 ವರ್ಷದೊಳಗಿನ ಮಗುವಿದ್ದು, ಚೈಲ್ಡ್ ಬೆನಿಫಿಟ್ (ಮಕ್ಕಳಿಗಾಗಿ ಸರ್ಕಾರ ಕೊಡುವ ಹಣ) ನಿಮ್ಮ ಹೆಸರಿನಲ್ಲಿದ್ದರೆ ಆ ವರ್ಷದ ದಾಖಲೆ ಉಚಿತವಾಗಿಯೇ ಸಿಗುತ್ತದೆ. ಯಜಮಾನರ ಸಂಬಳ ಹೆಚ್ಚಿದೆಯೆಂದು ಆ ಹಣ ಬೇಡವೆಂದರೂ ಅರ್ಜಿಯನ್ನು ಮಾತ್ರ ನಿಮ್ಮ ಹೆಸರಿನಲ್ಲಿ ಹಾಕಿಬಿಡಿ.