ಸಹಾಯ ಬೇಕು: ಕೊಳವೆ ಬಾವಿ ನೀರು, ಆರ್ಸೆನಿಕ್, ಜರೀಗಿಡ

ಎಲ್ಲರಿಗೂ ನಮಸ್ಕಾರ. ನಾನು ಬಂಗಾರಪೇಟೆ ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಜಿಲ್ಲೆಯಲ್ಲಿ ನೀರು ಎಂದರೆ ಫ್ಲೋರೈಡ್ ಮಾತೇ. ಆರ್ಸೆನಿಕ್ ಎಂಬ ವಿಷದ ಬಗ್ಗೆ ಕೇಳುವವರು ಕಡಿಮೆ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಚಿನ್ನ ತೆಗೆದ ಮೇಲೆ ಉಳಿದ ತ್ಯಾಜ್ಯದ ಸೈನೈಡ್ ಗುಡ್ಡಗಳು ಹಾಗೆಯೇ ನಿಂತಿವೆ. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವುದು ಅಪರೂಪವಲ್ಲ. ಹಾಗಾಗಿ ಮಕ್ಕಳೊಂದಿಗೆ ಸುತ್ತಲಿನ ಕೊಳವೆ ಬಾವಿಗಳ ನೀರನ್ನು ಪರೀಕ್ಷಿಸುವ ಆಸೆ.

ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಬಣ್ಣ ಬದಲಾಗುವ ಪಟ್ಟಿಯ ಕಿಟ್‌ಗಳನ್ನು ಇಷ್ಟು ಕಡಿಮೆ ಪ್ರಮಾಣದಲ್ಲಿ ನಂಬಬಹುದೇ? ಆರ್ಸೆನಿಕ್ ಸೋಕಿದರೆ ಬೆಳಗುವಂತೆ ಮಾರ್ಪಡಿಸಿದ ಬ್ಯಾಕ್ಟೀರಿಯಾಗಳೂ ಇವೆ, ಆದರೆ ಅವು ಶಾಲೆಗೆ ತರುವಂಥವಲ್ಲ.

ನನ್ನ ತಲೆ ಕೆಡಿಸಿರುವುದು ಟೆರಿಸ್ ವಿಟ್ಟಾಟಾ ಎಂಬ ಜರೀಗಿಡ. ಅದು ಆರ್ಸೆನಿಕ್ಕನ್ನು ಬೇರಿನಿಂದ ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಸರಿ, ಅದನ್ನು ಬೆಳೆಸಿ ಮಣ್ಣಿನ ಆರ್ಸೆನಿಕ್ ತೆಗೆದೆವು ಎನ್ನೋಣ, ಕತ್ತರಿಸಿದ ಎಲೆಯನ್ನು ಏನು ಮಾಡುವುದು? ತಿಪ್ಪೆಗೆ ಹಾಕಿದರೆ ವಿಷ ಮತ್ತೆ ಮಣ್ಣಿಗೇ! ಇದನ್ನು ನಿಭಾಯಿಸಿದವರು ದಯವಿಟ್ಟು ಬರೆಯಿರಿ. ಕೋಲಾರ ಅಥವಾ ಬೆಂಗಳೂರಿನಲ್ಲಿ ಆರ್ಸೆನಿಕ್ ಅಳೆದುಕೊಡುವ ಪ್ರಯೋಗಾಲಯ ಮತ್ತು ಅದರ ಶುಲ್ಕ ಗೊತ್ತಿದ್ದರೆ ಅದನ್ನೂ ತಿಳಿಸಿ.

ಕುದಿಸಿ ಕುಡಿಯಿರಿ ಎಂಬ ಸಲಹೆ ಮಾತ್ರ ಬೇಡ. ಕುದಿಸಿದರೆ ನೀರು ಆವಿಯಾಗುತ್ತದೆ, ಆರ್ಸೆನಿಕ್ ಪಾತ್ರೆಯಲ್ಲೇ ಉಳಿಯುತ್ತದೆ.