ಸಹಾಯ ಬೇಕು: ಸೆಂಟಿನ ಘಮ ಆರತಕ್ಷತೆವರೆಗೂ ಉಳಿಯಬೇಕು

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು. ತಂಗಿ ಮದುವೆ ಮಂಡ್ಯದಲ್ಲಿ. ಬೆಳಗಿನ ಮುಹೂರ್ತಕ್ಕೆ ಹಾಕಿದ ಘಮ ಸಂಜೆ ಆರತಕ್ಷತೆವರೆಗೂ ಇರಬೇಕು ಅನ್ನೋದು ಅವಳ ಆಸೆ.

ಅವಳ ಹತ್ರ ನಿಂಬೆ, ಕಿತ್ತಳೆ ವಾಸನೆಯ ಸ್ಪ್ರೇ ಇದೆ. ತುಂಬಾ ಚೆನ್ನಾಗಿದೆ, ಆದ್ರೆ ಅಂಥ ಹಗುರ ಎಣ್ಣೆಗಳು ಬೇಗ ಆವಿಯಾಗಿಬಿಡುತ್ತವೆ. ಅಮ್ಮನ ಬೀರುವಿನಲ್ಲಿ ಒಂದು ಪುಟ್ಟ ಸೀಸೆ ಗಂಧದೆಣ್ಣೆನೂ ಇದೆ. ಕಡ್ಡಿ ತುದೀಲಿ ಒಂದು ತೊಟ್ಟು ಮಣಿಕಟ್ಟಿಗೆ ಮುಟ್ಟಿಸಿದ್ರೆ ರಾತ್ರಿ ಕೈ ತೊಳೆದು ಊಟಕ್ಕೆ ಕೂತಾಗಲೂ ಮೂಗಿಗೆ ಬರುತ್ತೆ. ನನಗಂತೂ ಅದರ ಮುಂದೆ ಯಾವುದೂ ಇಲ್ಲ.

ಮೊದಲು ಗಂಧದೆಣ್ಣೆ ಹಚ್ಚಿ, ಅದರ ಮೇಲೆ ಸ್ಪ್ರೇ ಹೊಡೆದರೆ ಎರಡೂ ಹೊಂದುತ್ತಾ? ಒಣ ಚರ್ಮದಲ್ಲಿ ಘಮ ನಿಲ್ಲಲ್ಲ, ಅದಕ್ಕೆ ಸ್ನಾನ ಆದ ಕೂಡಲೇ ವ್ಯಾಸಲೀನ್ ಸವರಬೇಕು ಅಂತಾರೆ. ಯಾರಾದ್ರೂ ಮಾಡಿ ನೋಡಿದ್ದೀರಾ? ತಲೆ ತುಂಬ ಮೈಸೂರು ಮಲ್ಲಿಗೆ ಬೇರೆ ಇರುತ್ತೆ, ಹಾಗಾಗಿ ಕತ್ತಿನ ಹತ್ರ ಬೇಡ್ವೇನೋ. ರೇಷ್ಮೆ ಸೀರೆಗೆ ಕಲೆ ಆಗೋ ಭಯಕ್ಕೆ ಬಟ್ಟೆ ಮೇಲಂತೂ ಹೊಡೆಯಲ್ಲ.

ಇನ್ನೊಂದು, ಬಿಸಿಲು, ಸೆಕೆ ತಾಗಿದ್ರೆ ಸೆಂಟು ಕೆಡುತ್ತೆ. ಛತ್ರದ ರೂಮಲ್ಲಿ ಸೀಸೆ ಎಲ್ಲಿಡೋದು? ಅನುಭವ ಇರೋ ಅಕ್ಕಂದಿರು ದಯವಿಟ್ಟು ತಿಳಿಸಿ.